ಎರೆಮಣ್ಣಿನ ಮೇಲೊಂದು ಮನೆ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಯಾರೇ ಆಗಲಿ, ಕನ್ನಡದ ಮಣ್ಣಿನ ಮಾತನ್ನು ಆಡದೆ ಇಳಿಯುವುದಿಲ್ಲ. ಆ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಬೇಕೆಂದು ಹೇಳುವವರೂ ಉಂಟು. ನಾವೂ ಇಂದು ಮಣ್ಣಿನ ಮಾತನ್ನೇ ಆಡಲಿದ್ದೇವೆ. ಆದರೆ ಆ ಮಣ್ಣನ್ನು ಅಳತೆಯ ಗಾಜಿನಲ್ಲಿ ಹಾಕಿ, ಮೇಲೆ ನೀರು ಸುರಿದು, ಅದು ಎಷ್ಟು ಉಬ್ಬುತ್ತದೆಂದು ನೋಡುವ ಮಾತು ನಮ್ಮದು. ವಿಷಯ ಒಣಗಿದ್ದೆಂದು ಯಾರಾದರೂ ಅಂದರೆ ಅದು ಸರಿಯೇ. ಎರೆಮಣ್ಣು ಒಣಗಿದಾಗಲೇ ಅದರ ಗುಣ ಗೊತ್ತಾಗುವುದು.

ನಾವು ಎಂಜಿನಿಯರರಲ್ಲ. ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ. ಹಾಗಿದ್ದೂ ಈ ವಿಷಯಕ್ಕೆ ಕೈಹಾಕಲು ಕಾರಣವಿದೆ. ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಳುಗಳಲ್ಲಿ ಹರಡಿಕೊಂಡಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆ, ಕಲಬುರಗಿಯ ಕಡೆಯವರು ಬಹಳ. ಒಂದು ಕೋಣೆ, ಒಂದು ಅಡಿಗೆಮನೆಯಲ್ಲಿ ಮೂವತ್ತು ವರ್ಷ ಕಳೆದು, ಬೆಳಗಿನ ಲೋಕಲ್ ಗಾಡಿಯಲ್ಲಿ ಒಂದೇ ಕಾಲಿನ ಮೇಲೆ ನಿಂತು ದುಡಿದು, ನಿವೃತ್ತಿಯ ಹೊತ್ತಿಗೆ ಭವಿಷ್ಯನಿಧಿ ಕೈಗೆ ಬಂದಾಗ ಇವರ ಮನಸ್ಸಿನಲ್ಲಿ ಇರುವುದು ಒಂದೇ: ಊರಿನಲ್ಲಿ ಒಂದು ಮನೆ. ಆ ಹಣ ಯಾವ ಹಾದಿಯಲ್ಲಿ ಬಂತು, ಯಾವ ಹಾದಿಯಲ್ಲಿ ಹೋಯಿತು ಎಂಬುದನ್ನು ಕೌಂಟರಿನ ಈಚೆ ಕುಳಿತ ನಾವು ನೋಡುತ್ತೇವೆ. ಸಾಲದ ಅರ್ಜಿಯಲ್ಲಿ ಹಕ್ಕುಪತ್ರದ ಕಾಲಮ್ಮು ಉಂಟು, ನಕ್ಷೆಯದುಂಟು, ವಿಮೆಯದುಂಟು. ಮನೆ ನಿಲ್ಲುವ ಮಣ್ಣಿನ ಕಾಲಮ್ಮು ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಒಬ್ಬ ಹಿರಿಯರ ಸಂಗತಿ. ಅವರು ಮನೆ ಕಟ್ಟಿಸಿದ್ದು ಎರೆಸೀಮೆಯ ಒಂದು ಊರಿನ ಹೊರಗಿನ ಹೊಸ ಬಡಾವಣೆಯಲ್ಲಿ. ಮೊದಲ ಬೇಸಿಗೆಯಲ್ಲಿ ಕಿಟಕಿಯ ಮೂಲೆಯಿಂದ ಕೂದಲೆಳೆಯಂಥ ಬಿರುಕು ಹೊರಟಿತು. ಗಿಲಾಯಿ ಮಾಡಿಸಿದರು. ಎರಡನೆಯ ವರ್ಷ ಬೆರಳು ಹೋಗುವಷ್ಟಾಯಿತು. ಮೂರನೆಯ ವರ್ಷ ಬಾಗಿಲು ಚೌಕಟ್ಟಿಗೆ ಕೂಡದಾಯಿತು, ನೆಲದ ಫರಸಿ ನಡುವೆ ಗುಡ್ಡದಂತೆ ಎದ್ದಿತು. ಅವರು ಪ್ರತಿ ಸಲವೂ ನಮ್ಮಲ್ಲಿಗೆ ಬಂದದ್ದು ಮುದ್ದತ್ತಿನ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸುವುದಕ್ಕೆ. ಗೌಂಡಿ ಮೋಸ ಮಾಡಿದನೆಂದು ಅವರ ನಂಬಿಕೆ. ಗೌಂಡಿಯದು ಎಷ್ಟು ತಪ್ಪೋ ತಿಳಿಯದು. ಆದರೆ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತಿತ್ತೆಂದು ಅವರೇ ಹೇಳಿದ ಮೇಲೆ, ದೂರು ಕೇಳಬೇಕಾದದ್ದು ಮಣ್ಣಿನ ಹತ್ತಿರ ಎಂದು ನಮಗೆ ತೋರಿತು. ಆಗಿನಿಂದ ಓದುತ್ತ, ಬಲ್ಲವರನ್ನು ಕೇಳುತ್ತ ಬಂದುದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಎರೆಯ ಗುಣ ನಮ್ಮ ರೈತರಿಗೆ ಹೊಸದಲ್ಲ. ಮುಂಗಾರು ಮುಗಿದ ಮೇಲೆ ಹಿಂಗಾರಿ ಜೋಳ, ಕಡಲೆ, ಕುಸುಬಿ ಬಿತ್ತಿ, ಮತ್ತೆ ಮಳೆಯಿಲ್ಲದೆ ಬೆಳೆ ತೆಗೆಯುವ ಧೈರ್ಯ ಬಂದುದೇ ಈ ಮಣ್ಣು ನೀರನ್ನು ಹಿಡಿದಿಡುತ್ತದೆ ಎಂಬುದರಿಂದ. ಅದೇ ಗುಣ ಮನೆಗೆ ಮುಳುವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಲಾವಾ ಹರಿದು ಪದರಪದರವಾಗಿ ಹೆಪ್ಪುಗಟ್ಟಿತು. ಆ ಕಪ್ಪು ಕಲ್ಲು ಕಾಲಾಂತರದಲ್ಲಿ ಸವೆದು ಕೊಟ್ಟ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೇರಳವಾಗಿರುತ್ತದೆ. ಫ್ರಾನ್ಸಿನ ಮಾಂಟ್‌ಮೊರಿಲೋನ್ ಎಂಬ ಊರಿನಿಂದ ಬಂದ ಹೆಸರು ಅದು. ಅದರ ರಚನೆ ಹಾಳೆಹಾಳೆಯಾಗಿರುವುದು: ಎರಡು ಸಿಲಿಕಾ ಪದರಗಳ ನಡುವೆ ಒಂದು ಅಲ್ಯುಮಿನಾ ಪದರ. ಇಂಥ ಹಾಳೆಯೊಂದಕ್ಕೂ ಅದರ ಮೇಲಿನ ಹಾಳೆಗೂ ನಡುವೆ ಹಿಡಿತ ಬಹಳ ಸಡಿಲು. ಮಳೆ ಬಂದಾಗ ನೀರು ನಡುವೆ ನುಗ್ಗಿ ಹಾಳೆಗಳನ್ನು ದೂರ ಸರಿಸುತ್ತದೆ, ಒಣಗಿದಾಗ ಅವು ಮತ್ತೆ ಕೂಡುತ್ತವೆ. ನಮ್ಮ ಹಳೆಯ ಲೆಡ್ಜರು ಮಳೆಯಲ್ಲಿ ನೆನೆದರೆ ಹೇಗೆ ಎರಡರಷ್ಟು ದಪ್ಪವಾಗುವುದೋ ಹಾಗೆ. ಒಂದು ಗ್ರಾಂ ಶುದ್ಧ ಮಾಂಟ್‌ಮೊರಿಲೊನೈಟಿನ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ 800 ಚದರ ಮೀಟರಿನವರೆಗೂ ಆದೀತು. ಇಷ್ಟು ವಿಸ್ತಾರದ ಮೇಲೆಲ್ಲ ನೀರು ಅಂಟಿಕೊಳ್ಳಬಲ್ಲದು.

ಹೀಗೆ ಉಬ್ಬುವ ಮಣ್ಣನ್ನು ಅದುಮಿ ಹಿಡಿಯಹೋದರೆ ಅದು ತಿರುಗಿ ಒತ್ತುತ್ತದೆ. ಕೆಟ್ಟ ಎರೆಯಲ್ಲಿ ಈ ಒತ್ತಡ ಚದರ ಮೀಟರಿಗೆ 20–30 ಟನ್ನಿನವರೆಗೂ ಏರುವುದುಂಟು. ಒಂದೇ ಅಂತಸ್ತಿನ ಮನೆಯ ಗೋಡೆ ಬುನಾದಿಯ ಮೇಲೆ ಹಾಕುವ ಭಾರ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ನಮ್ಮ ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಜಮೆಗಿಂತ ಖರ್ಚು ಮಿಕ್ಕಿದ ಖಾತೆ ಅದು. ಆದುದರಿಂದಲೇ ದೊಡ್ಡ ಕಟ್ಟಡ ಪಾರಾಗಿ ಸಣ್ಣ ಮನೆ, ಆವರಣದ ಗೋಡೆ, ರಸ್ತೆ, ಕಾಲುವೆಯ ಲೈನಿಂಗು ಇವೇ ಹೆಚ್ಚಾಗಿ ಒಡೆಯುವುವು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ನವಿ ಮುಂಬಯಿಯ ಸದಸ್ಯರೊಬ್ಬರು, “ನಮ್ಮ ನೆಲವೂ ಕಪ್ಪು ಜೇಡಿಯೇ, ನಮಗೂ ಇದೇ ಕಾಟವೇ?” ಎಂದು ಕೇಳಿದರು. ಖಾಡಿಯ ದಂಡೆಯ ಆ ಜೇಡಿ ಬೇರೆ. ಅದು ಸಮುದ್ರದ ಕೆಸರು. ಹೊಟ್ಟೆ ತುಂಬ ನೀರು ಕುಡಿದೇ ಕುಳಿತದ್ದು. ಅದರ ಮೇಲೆ ಭಾರ ಹೇರಿದರೆ ನೀರು ನಿಧಾನವಾಗಿ ಹೊರಬಂದು ನೆಲ ಕುಸಿಯುತ್ತ ಹೋಗುತ್ತದೆ. ಅಲ್ಲಿ ಕಾಡುವುದು ಕುಗ್ಗುವಿಕೆ. ಎರೆಯಲ್ಲಿ ಕಾಡುವುದು ಉಬ್ಬುವುದು ಮತ್ತು ಕುಗ್ಗುವುದು ಎರಡೂ, ಅದೂ ವರ್ಷವರ್ಷ. 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿ ಹೊಸ ನಗರ ಕಟ್ಟತೊಡಗಿದಂದಿನಿಂದ ಆ ತಗ್ಗುಗಳಲ್ಲಿ ಮುರುಮು ತುಂಬುವ ಕೆಲಸ ನಡೆದಿದೆ. 2025ರ ಅಕ್ಟೋಬರದಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣಕ್ಕಂತೂ ಉಲ್ವೆಯ ಗುಡ್ಡವನ್ನೇ ಕಡಿದು ನೆಲ ಎತ್ತರಿಸಬೇಕಾಯಿತು. ಇತ್ತ ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಹಳೆಯ ಭತ್ತದ ಗದ್ದೆಗಳ ಮೇಲ್ಪದರ ಜೇಡಿಯಾದರೂ, ಬಹಳ ಕಡೆ ಕೆಳಗೆ ಅದೇ ದಖ್ಖನ್ನಿನ ಮುರುಮೂ ಕಪ್ಪು ಕಲ್ಲೂ ಸಿಕ್ಕುವುವು. ಬಹುಮಹಡಿ ಕಟ್ಟಡಗಳ ಕಂಬಗಳು ಅಲ್ಲಿಯವರೆಗೆ ಇಳಿಯುತ್ತವೆ. ನಾಲ್ಕನೆಯ ಮಹಡಿಯಲ್ಲಿ ನಾವು ಇರುವ ಮನೆಯ ಬಿರುಕಿಗೆ ನೀರಿನ ಸೋರಿಕೆ, ತುಕ್ಕು ಹಿಡಿದ ಸರಳು ಇವು ಸಾಮಾನ್ಯ ಕಾರಣ. ಬಂಡೆಯ ಮೇಲೆ ಮೂವತ್ತು ವರ್ಷ ಮಲಗಿ ಎದ್ದವರಿಗೆ, ಊರಿನ ನೆಲ ಉಸಿರಾಡುತ್ತದೆಂಬ ನೆನಪು ಹಾರಿಹೋಗುವುದು ಸಹಜ.

ಇನ್ನು ಪರೀಕ್ಷೆಯ ಮಾತು. ಭಾರತೀಯ ಮಾನಕ ಸಂಸ್ಥೆ 1977ರಲ್ಲಿ ಒಂದು ಸರಳ ಪರೀಕ್ಷೆಯನ್ನು ಗೊತ್ತುಮಾಡಿದೆ, ಐ.ಎಸ್. 2720ರ 40ನೆಯ ಭಾಗವದು. ಮಣ್ಣನ್ನು ಒಲೆಯಲ್ಲಿ ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಬೇಕು. ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಲೀಟರಿನ ಎರಡು ಅಳತೆಗಾಜುಗಳಲ್ಲಿ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಲಕಿ, ಗಾಳಿಗುಳ್ಳೆ ಹೋಗುವಂತೆ ಮಾಡಿ 24 ಗಂಟೆ ಇಡಬೇಕು. ಎರೆಮಣ್ಣು ಸೀಮೆಎಣ್ಣೆಯಲ್ಲಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ 12 ಮಿಲಿಲೀಟರಿಗೆ ನಿಂತದ್ದು ನೀರಿನಲ್ಲಿ 24ಕ್ಕೆ ಏರಿದರೆ ಉಬ್ಬಿದ್ದು ನೂರಕ್ಕೆ ನೂರು. 50ರ ಒಳಗಿದ್ದರೆ ಉಬ್ಬರ ಕಡಿಮೆ, 50ರಿಂದ 100 ಮಧ್ಯಮ, 100ರಿಂದ 200 ಹೆಚ್ಚು, ಅದರ ಮೇಲಾದರೆ ಅತಿ ಹೆಚ್ಚು ಎಂದು ಎಣಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ. ಶ್ರೀಧರನ್ ಅವರೂ ಮೈಸೂರಿನ ಪ್ರೊ. ಕೆ. ಪ್ರಕಾಶ್ ಅವರೂ 2004ರಲ್ಲಿ ಇದನ್ನು ಇನ್ನಷ್ಟು ತಿದ್ದಿದರು. ನೀರಿನ ಅಳತೆಯನ್ನು ಸೀಮೆಎಣ್ಣೆಯ ಅಳತೆಯಿಂದ ಭಾಗಿಸಿದರೆ ಬರುವ ಅಂಕಿಯೇ ಸಾಕು: ಒಂದಕ್ಕಿಂತ ಕಡಿಮೆಯಾದರೆ ಉಬ್ಬದ ಮಣ್ಣು, ಎರಡನ್ನು ದಾಟಿದರೆ ಜೋಪಾನ. ಕೆಂಪು ನೆಲದ ಕೆಲವು ಜೇಡಿಗಳು ನೀರಿಗಿಂತ ಸೀಮೆಎಣ್ಣೆಯಲ್ಲೇ ಹೆಚ್ಚು ಜಾಗ ಹಿಡಿಯುವುದರಿಂದ ಹಳೆಯ ಲೆಕ್ಕದಲ್ಲಿ ಋಣದ ಅಂಕಿ ಬರುತ್ತಿತ್ತು. ಆ ತೊಡಕನ್ನು ಇದು ಬಿಡಿಸಿತು. ಇಷ್ಟು ಅಗ್ಗದ ಪರೀಕ್ಷೆಯನ್ನು ಗೃಹಪ್ರವೇಶದ ಆಮಂತ್ರಣ ಪತ್ರಿಕೆಗೆ ಮಾಡುವ ಖರ್ಚಿನ ಪಾಲಿಗೂ ಯಾರೂ ಹಚ್ಚುವುದಿಲ್ಲವೆಂಬುದು ನಮಗೆ ಸೋಜಿಗ.

ಪರೀಕ್ಷೆ ಕೆಟ್ಟ ಸುದ್ದಿ ತಂದಿತೆನ್ನಿ. ಮಾಡುವುದೇನು? ಮೊದಲ ಹೆಸರು ಸುಣ್ಣದ್ದು. ಸುಟ್ಟ ಸುಣ್ಣವನ್ನಾಗಲಿ ಅರಳಿಸಿದ ಸುಣ್ಣವನ್ನಾಗಲಿ ಎರೆಗೆ ಬೆರೆಸಿದರೆ ಎರಡು ಕೆಲಸ ನಡೆಯುತ್ತವೆ. ಒಂದು ಕೂಡಲೇ ಆಗುವುದು: ಹಾಳೆಗಳ ನಡುವೆ ಸಡಿಲಾಗಿ ಕುಳಿತ ಸೋಡಿಯಮ್ ಮೊದಲಾದ ಕಣಗಳನ್ನು ಹೊರದೂಡಿ ಸುಣ್ಣದ ಕ್ಯಾಲ್ಸಿಯಮ್ ಆ ಜಾಗಕ್ಕೆ ಬರುತ್ತದೆ, ಹಾಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ, ಅಂಟುಅಂಟಾಗಿದ್ದ ಜೇಡಿ ಪುಡಿಪುಡಿಯಾಗುತ್ತದೆ. ಕೆಲವು ಗಂಟೆಗಳಲ್ಲಿಯೇ ಕಣ್ಣಿಗೆ ಕಾಣುವಂಥ ಬದಲಾವಣೆ ಇದು. ಎರಡನೆಯದು ನಿಧಾನದ್ದು. ಸುಣ್ಣದ ಖಾರದಲ್ಲಿ ಜೇಡಿಯ ಸಿಲಿಕಾ ಮತ್ತು ಅಲ್ಯುಮಿನಾ ಕರಗಿ, ಕ್ಯಾಲ್ಸಿಯಮ್ಮಿನೊಡನೆ ಕೂಡಿ ಸಿಮೆಂಟಿನಂಥ ಅಂಟು ಹುಟ್ಟುತ್ತದೆ. ಇದು ವಾರಗಳ, ತಿಂಗಳುಗಳ ಕೆಲಸ. ನೂರು ಪಾಲು ಒಣ ಮಣ್ಣಿಗೆ ಸಾಧಾರಣವಾಗಿ 3ರಿಂದ 8 ಪಾಲು ಸುಣ್ಣ ಹಿಡಿಯುತ್ತದೆ. ನಿಮ್ಮ ಮಣ್ಣಿಗೆ ಎಷ್ಟೆಂಬುದನ್ನು ಪ್ರಯೋಗಶಾಲೆ ಹೇಳಬೇಕು. ಈಡ್ಸ್ ಮತ್ತು ಗ್ರಿಮ್ ಎಂಬ ಅಮೇರಿಕೆಯ ವಿದ್ವಾಂಸರು 1966ರಲ್ಲಿ ಕೊಟ್ಟ ವಿಧಾನದಂತೆ, ಮಣ್ಣುನೀರಿನ ಪಿ.ಎಚ್. 12.4ಕ್ಕೆ ಏರುವಷ್ಟು ಸುಣ್ಣ ಬೇಕು.

“ನಮ್ಮ ಹೊಲದಲ್ಲಿ ಸುಣ್ಣದ ಹರಳು ಬೇಕಾದಷ್ಟಿವೆ, ಮತ್ತೆ ಯಾಕೆ ಉಬ್ಬುತ್ತದೆ?” ಎಂದು ಕೇಳುವವರುಂಟು. ಪ್ರಶ್ನೆ ಚೆನ್ನಾಗಿದೆ. ಆ ಹರಳು ಸುಡದ ಸುಣ್ಣಕಲ್ಲು, ಅದಕ್ಕೆ ಖಾರವಿಲ್ಲ. ಅಜ್ಜಿಯ ಎಲೆಯಡಿಕೆ ಚಂಚಿಯಲ್ಲಿ ಸುಣ್ಣದ ಡಬ್ಬಿ ಒಣಗಿ ಕಲ್ಲಾದ ಮೇಲೆ ಅದು ಬಾಯಿ ಸುಡುವುದಿಲ್ಲವಷ್ಟೆ? ಗಾಳಿ ತಾಗಿ ಸುಣ್ಣ ಮತ್ತೆ ಸುಣ್ಣಕಲ್ಲಾಗುತ್ತದೆ. ಅಂಗಡಿಯಲ್ಲಿ ಆರು ತಿಂಗಳು ಹರಿದ ಚೀಲದಲ್ಲಿ ಬಿದ್ದ ಸುಣ್ಣವನ್ನು ಅಗ್ಗವೆಂದು ತಂದು ಬೆರೆಸಿದರೆ ಬೆರೆತದ್ದು ಬಿಳಿಯ ಬಣ್ಣ ಮಾತ್ರ.

ಈಗ ಬೂದಿಯ ಮಾತಿಗೆ ಬರೋಣ. ಇಲ್ಲಿ ನಮ್ಮ ಕರಾವಳಿಯ ಬಂಧುಗಳು ಕಿವಿಗೊಡಬೇಕು, ಏಕೆಂದರೆ ವಿಷಯ ಉಮಿಯದು. ಉಮಿಯನ್ನು ಸುಟ್ಟ ಕರಿಯಿಂದ ಹಲ್ಲುಜ್ಜಿದವರು ನಿಮ್ಮಲ್ಲಿ ಹಲವರಿರಬಹುದು. ನಮ್ಮ ನೆರೆಯ ಭಿವಂಡಿ, ಮುರಬಾಡದ ಕಡೆ ಇಟ್ಟಿಗೆಯ ಭಟ್ಟಿಗಳಲ್ಲಿ ಇದೇ ಉಮಿಯನ್ನು ಮರಾಠಿಯವರು ತೂಸ ಎಂದು ಕರೆದು ಉರಿಸುತ್ತಾರೆ. ಉಮಿಯ ಬೂದಿಯಲ್ಲಿ ನೂರಕ್ಕೆ 85–90 ಪಾಲು ಸಿಲಿಕಾ. ಹದವಾದ ಕಾವಿನಲ್ಲಿ, ಎಂದರೆ ಸುಮಾರು 500ರಿಂದ 700 ಡಿಗ್ರಿಯಲ್ಲಿ ಸುಟ್ಟರೆ ಆ ಸಿಲಿಕಾ ಚುರುಕಾಗಿರುತ್ತದೆ. ಕಾವು ಬಹಳ ಏರಿದರೆ ಹರಳುಗಟ್ಟಿ ಮರಳಿನಂತೆ ಜಡವಾಗುತ್ತದೆ. ಸಕ್ಕರೆ ಕಾರಖಾನೆಗಳ ಬಾಯ್ಲರಿನಲ್ಲಿ ಕಬ್ಬಿನ ಸಿಪ್ಪೆ ಉರಿದು ಉಳಿಯುವ ಬೂದಿಯೂ ಇದೇ ಜಾತಿಯದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಅದಕ್ಕೆ ಬರವಿಲ್ಲ, ಅರೆಬೆಂದ ಕರಿ ಅದರಲ್ಲಿ ಹೆಚ್ಚೆಂಬುದು ದೋಷ. ಮೂರನೆಯದು ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಹಾರುಬೂದಿ. ರಾಯಚೂರಿನ ಶಕ್ತಿನಗರದಲ್ಲಿ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ, ಅಪ್ಪಟ ಎರೆಸೀಮೆಯಲ್ಲೇ ಅದು ರಾಶಿ ಬೀಳುತ್ತದೆ. ಅದನ್ನು ಸುಮ್ಮನೆ ಗುಡ್ಡೆ ಹಾಕದೆ ಬಳಸಬೇಕೆಂದು ಕೇಂದ್ರ ಸರಕಾರ 1999ರಿಂದ ಅಧಿಸೂಚನೆಗಳನ್ನು ಹೊರಡಿಸುತ್ತ ಬಂದಿದೆ. ತೋರಣಗಲ್ಲಿನ ಉಕ್ಕಿನ ಕಾರಖಾನೆಯ ಕಿಟ್ಟವನ್ನು ನುಣ್ಣಗೆ ಬೀಸಿದ ಪುಡಿಯೂ ಈ ಪಂಕ್ತಿಗೆ ಸೇರತಕ್ಕದ್ದೇ.

ಆದರೆ ಒಂದು ಮಾತನ್ನು ಗಂಟುಹಾಕಿಟ್ಟುಕೊಳ್ಳಬೇಕು. ಉಮಿಯ ಬೂದಿಯಾಗಲಿ, ನಮ್ಮ ದೇಶದ ಸಾಮಾನ್ಯ ಹಾರುಬೂದಿಯಾಗಲಿ ಒಂಟಿಯಾಗಿ ಹೆಚ್ಚು ಕೆಲಸ ಮಾಡಲಾರವು. ಅವುಗಳಲ್ಲಿ ಸಿಲಿಕಾ ಇದೆ, ಸುಣ್ಣದಂಶ ಕಡಿಮೆ. ತಮಿಳುನಾಡಿನ ನೈವೇಲಿಯ ಲಿಗ್ನೈಟ್ ಬೂದಿಯಲ್ಲಿ ಮಾತ್ರ ಸುಣ್ಣದಂಶ ಹೆಚ್ಚು. ಆದಕಾರಣ ಬೂದಿಗೆ ಸುಣ್ಣದ ಜೊತೆ ಬೇಕು; ಜೊತೆಯಿದ್ದರೆ ಸುಣ್ಣದ ಖರ್ಚೂ ಇಳಿಯುವುದು, ಗಟ್ಟಿತನವೂ ಏರುವುದು. ಇದು ಪ್ರಯೋಗಶಾಲೆಯ ಹೊಸ ಚಮತ್ಕಾರವೇನಲ್ಲ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿ ಮಾಡಿದ ಸುರ್ಕಿ ಗಾರೆಯಿಂದಲೇ ನಮ್ಮ ಕನ್ನಂಬಾಡಿಯ ಕಟ್ಟೆ ಎದ್ದದ್ದು. ಅಲ್ಲಿ ಇಟ್ಟಿಗೆಯ ಪುಡಿ ಮಾಡಿದ ಕೆಲಸವನ್ನೇ ಇಲ್ಲಿ ಉಮಿಯ ಬೂದಿ ಮಾಡುತ್ತದೆ.

ಬೂದಿ ಪುಕ್ಕಟೆಯೆಂದು ಹಿಗ್ಗುವವರಿಗಾಗಿ ನಾವು ಒಂದು ಲೆಕ್ಕ ಹಾಕಿದ್ದೇವೆ. ಗುಮಾಸ್ತರಿಗೆ ಬರುವುದು ಅದೊಂದೇ ಅಲ್ಲವೇ? ಹತ್ತು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಮನೆ. ಸುತ್ತಲೂ ಒಂದು ಮೀಟರ್ ಹೆಚ್ಚಿಗೆ ಸೇರಿಸಿದರೆ ಹನ್ನೆರಡು ಹತ್ತಲೆ ನೂರಿಪ್ಪತ್ತು ಚದರ ಮೀಟರು. ಒಂದು ಮೀಟರ್ ಆಳ ಹದಗೊಳಿಸುವುದೆಂದರೆ 120 ಘನ ಮೀಟರ್ ಮಣ್ಣು. ಘನ ಮೀಟರಿಗೆ 1.4 ಟನ್ ಒಣ ತೂಕ ಹಿಡಿದರೆ 168 ಟನ್. ನೂರಕ್ಕೆ 5ರಂತೆ ಸುಣ್ಣ 8.4 ಟನ್, ಒಂದು ಲಾರಿಯ ಮಾತು. ನೂರಕ್ಕೆ 10ರಂತೆ ಉಮಿಯ ಬೂದಿ 16.8 ಟನ್. ನೂರು ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಉಮಿ, ಆ ಉಮಿಗೆ ಸುಮಾರು 4 ಕಿಲೋ ಬೂದಿ. ಎಂದಮೇಲೆ ಒಂದು ಮನೆಯ ತಳಕ್ಕೆ ಬೇಕಾದ ಬೂದಿ 420 ಟನ್ ಭತ್ತದ್ದು, ಅಂದರೆ 4,200 ಕ್ವಿಂಟಲಿನದು! ಎಕರೆಗೆ 25 ಕ್ವಿಂಟಲ್ ಬೆಳೆದರೂ 168 ಎಕರೆಯ ಸುಗ್ಗಿ. ಗಂಗಾವತಿ, ಸಿಂಧನೂರಿನಂಥ ಅಕ್ಕಿ ಗಿರಣಿಗಳ ಊರಿನ ಮಗ್ಗುಲಲ್ಲಿ ಮನೆಯಿದ್ದರೆ ಇದು ನಡೆಯುವ ಮಾತು. ನೂರಾರು ಮೈಲಿ ಸಾಗಿಸಬೇಕಾದರೆ ಗಿರಣಿಯ ಹಿತ್ತಿಲಲ್ಲಿ ಕಸವಾಗಿದ್ದದ್ದು ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ಸಿಮೆಂಟಿನ ಬೆಲೆಗೆ ಸಮೀಪಿಸುತ್ತದೆ. ಹಾಗೆಂದೇ ಈ ಬೂದಿಗಳು ರಸ್ತೆಯ ಕೆಲಸಕ್ಕೆ ಹೊಂದಿದಷ್ಟು ಒಂಟಿ ಮನೆಗೆ ಹೊಂದುವುದಿಲ್ಲವೆಂದು ನಮ್ಮ ಅಭಿಪ್ರಾಯ. ರಸ್ತೆಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 2010ರಲ್ಲಿ ಸುಣ್ಣ, ಸಿಮೆಂಟು, ಹಾರುಬೂದಿಗಳ ಬಳಕೆಗೆ ಮಾರ್ಗಸೂಚಿಯನ್ನೂ ಹೊರಡಿಸಿದೆ.

ಬೆರೆಸುವ ಕಷ್ಟವನ್ನೂ ಹೇಳಿಬಿಡಬೇಕು. ಹಸಿ ಎರೆಯನ್ನು ಗುದ್ದಲಿಯಿಂದ ಕಲಸಿ ನೋಡಿದವರಿಗೆ ಗೊತ್ತು, ಅದು ಸುಣ್ಣದ ಪುಡಿಯನ್ನು ಮೈಗೆ ಬಳಿದುಕೊಂಡು ಹೆಂಟೆಯಾಗಿಯೇ ಉಳಿಯುತ್ತದೆ. ಹೆಂಟೆಯ ಹೊರಗೆ ಔಷಧ, ಒಳಗೆ ರೋಗ. ಬೇಸಿಗೆಯಲ್ಲಿ ಒಣಗಿದ ಮಣ್ಣನ್ನು ಟ್ರ್ಯಾಕ್ಟರಿನ ರೋಟಾವೇಟರಿನಿಂದ ನುಣ್ಣಗೆ ಮಾಡಿ, ತೆಳು ಪದರಗಳಾಗಿ ಹರಡಿ, ಬೆರೆಸಿ, ಹದವಾದ ನೀರು ಚಿಮುಕಿಸಿ, ರೋಲರಿನಿಂದ ತುಳಿಸಿ, ಒಂದು ವಾರವಾದರೂ ಒಣಗಗೊಡದೆ ಇಡಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಕೂಲಿಯವರಿಗೆ ಕನ್ನಡಕ, ಕೈಚೀಲ ಕೊಡಿಸದೆ ಈ ಕೆಲಸಕ್ಕೆ ಇಳಿಯಕೂಡದು. ನವಿ ಮುಂಬಯಿಯ ನಾಕಾಗಳಲ್ಲಿ ಬೆಳಗ್ಗೆ ಕೂಲಿಗಾಗಿ ನಿಲ್ಲುವವರಲ್ಲಿ ನಮ್ಮ ವಿಜಯಪುರ, ಕಲಬುರಗಿಯವರು ಎಷ್ಟಿದ್ದಾರೆಂಬುದನ್ನು ಇಲ್ಲಿ ನೆನಪಿಸುತ್ತೇವೆ.

ಸುಣ್ಣಕ್ಕೂ ಒಂದು ವೈರಿಯುಂಟು. ಅದು ಗಂಧಕದ ಲವಣ, ಎಂದರೆ ಸಲ್ಫೇಟು. ಒಣಸೀಮೆಯ ಕೆಲವು ಎರೆಗಳಲ್ಲಿ ಜಿಪ್ಸಂ ಸಹಜವಾಗಿಯೇ ಇರುತ್ತದೆ. ಅಂಥಲ್ಲಿ ಸುಣ್ಣ ಹಾಕಿದರೆ ಸುಣ್ಣ, ಅಲ್ಯುಮಿನಾ, ಸಲ್ಫೇಟು ಮೂರೂ ಕೂಡಿ ಎಟ್ರಿಂಗೈಟ್ ಎಂಬ ಸೂಜಿಯಂಥ ಹರಳಾಗಿ, ನೀರು ಹೀರಿ, ಮೊದಲಿಗಿಂತ ಹೆಚ್ಚಾಗಿ ನೆಲವನ್ನೆತ್ತುತ್ತದೆ. ಅಮೇರಿಕೆಯ ಲಾಸ್ ವೇಗಸ್ ನಗರದ ಸ್ಟೀವರ್ಟ್ ಅವೆನ್ಯೂ ಎಂಬ ರಸ್ತೆ 1970ರ ದಶಕದಲ್ಲಿ ಸುಣ್ಣ ಹಾಕಿ ಹದಗೊಳಿಸಿದ ಕೆಲವೇ ವರ್ಷಗಳಲ್ಲಿ ಹೀಗೆ ಎದ್ದುಬಿಟ್ಟಿತು. ನಮ್ಮಲ್ಲಿ ಶ್ರೀಧರನ್, ಶಿವಪುಲ್ಲಯ್ಯ ಮೊದಲಾದವರು ಬೆಂಗಳೂರಿನಲ್ಲಿ ಎರೆಮಣ್ಣಿನ ಮೇಲೆಯೇ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಜಿಪ್ಸಂ ಹೊಲಕ್ಕೆ ಒಳ್ಳೆಯದೆಂದು ಕೇಳಿ, ಮನೆಯ ತಳಕ್ಕೆ ಜಿಪ್ಸಂ, ಸುಣ್ಣ ಎರಡನ್ನೂ ಹಾಕುವ ಜಾಣರು ಇದನ್ನು ಗಮನಿಸಬೇಕು.

ನಮ್ಮ ಮಟ್ಟಿಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಅಧ್ಯಾಯ ಮಲಪ್ರಭೆಯದು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಕಟ್ಟೆ ಕಟ್ಟಿ, ನವಲಗುಂದ, ನರಗುಂದ, ರೋಣದ ಎರೆಹೊಲಗಳಿಗೆ ಕಾಲುವೆ ತೆಗೆದರು. ಕಾಲುವೆಗೆ ನೀರು ಬಿಟ್ಟರೆ ದಂಡೆಯ ಎರೆ ಉಬ್ಬಿ, ಲೈನಿಂಗು ಒಡೆದು, ಇಳಿಜಾರು ಜರಿಯತೊಡಗಿತು. (ನೀರಿನ ಕರದ ಮೇಲೆ 1980ರಲ್ಲಿ ಅಲ್ಲಿ ಎದ್ದ ರೈತ ಚಳವಳಿ ಬೇರೆಯ ಕಥೆ, ಅದನ್ನು ಬಲ್ಲವರು ಈ ಸಭೆಯಲ್ಲೇ ಇದ್ದಾರೆ.) ಇದಕ್ಕೆ ಪರಿಹಾರ ಹುಡುಕಿದವರು ಠಾಣೆಯ ಮಗ್ಗುಲಿನ ಪವಾಯಿಯ ಐ.ಐ.ಟಿ.ಯ ಪ್ರೊ. ಆರ್. ಕೆ. ಕಟ್ಟಿಯವರು. ಎರೆಯ ಒಂದು ಗುಣವನ್ನು ಅವರು ಗಮನಿಸಿದರು: ಮೇಲೆ ಸುಮಾರು ಒಂದು ಮೀಟರ್ ದಪ್ಪ ಮಣ್ಣಿದ್ದರೆ ಅದರ ಕೆಳಗಿನ ಎರೆ ನೀರು ಕುಡಿದರೂ ಹೆಚ್ಚು ಉಬ್ಬುವುದಿಲ್ಲ. ಹಾಗಾದರೆ ಆ ಮೇಲಿನ ಮೀಟರನ್ನು ಉಬ್ಬದ, ಆದರೆ ಒಂದಕ್ಕೊಂದು ಹಿಡಿದುಕೊಳ್ಳುವ ಬೇರೆ ಮಣ್ಣಿನಿಂದ ಮಾಡಿದರೆ? ಇದಕ್ಕೆ ಸಿ.ಎನ್.ಎಸ್. ಪದರವೆಂದು ಹೆಸರಾಯಿತು. ನಮ್ಮ ಮಾತಿನಲ್ಲಿ ಗರಸು, ಮಸಾರಿ ಮಣ್ಣು. ದೊಡ್ಡ ಕಾಲುವೆಗಳಿಗೆ ಉಬ್ಬುವ ಒತ್ತಡಕ್ಕೆ ತಕ್ಕಂತೆ 75ರಿಂದ 100 ಸೆಂಟಿಮೀಟರಿನವರೆಗೆ ಈ ಪದರ ಬೇಕೆಂದು ಭಾರತೀಯ ಮಾನಕ 9451ರಲ್ಲಿ ಸೇರಿತು. ಎರೆಮಣ್ಣಿನ ಸಮಸ್ಯೆಗಳಿಗೆ ಪರಿಹಾರ ಹುಡುಕಿದ ಈ ಬಗೆಯನ್ನೇ ವಿಷಯವಾಗಿ ಕಟ್ಟಿಯವರು 1978ರಲ್ಲಿ ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿಯ ವಾರ್ಷಿಕ ಉಪನ್ಯಾಸ ಕೊಟ್ಟರು. ನರಗುಂದದ ಕಾಲುವೆಗೆ ಮದ್ದು ಅರೆದದ್ದು ನಮ್ಮ ಲೋಕಲ್ ಗಾಡಿಗೆ ಒಂದು ಗಂಟೆಯ ಹಾದಿಯಲ್ಲಿ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳತಕ್ಕದ್ದು.

ಒಂಟಿ ಮನೆಗೂ ನಾವು ಸುಣ್ಣಕ್ಕಿಂತ ಮೊದಲು ಗರಸನ್ನೇ ಹೇಳುವೆವು, ಹತ್ತಿರದಲ್ಲಿ ಮಡ್ಡಿ ನೆಲವಿದ್ದರೆ. ಎರೆಯನ್ನು ತೋಡಿ ಹಾಕಿ, ಗರಸನ್ನು ಪದರಪದರವಾಗಿ ನೀರು ಹಾಕಿ ಧುಮ್ಮಸು ಮಾಡಬೇಕು. ಅದರ ಬದಲು ಮರಳು ತುಂಬುವ ಅಭ್ಯಾಸ ಕೆಲವೆಡೆ ಇದೆ. ಮರಳಿಗೆ ಅಂಟಿಲ್ಲ, ಮೇಲಾಗಿ ಮಳೆಯ ನೀರೆಲ್ಲ ಅದರಲ್ಲಿ ಇಳಿದು, ಮನೆಯ ಕೆಳಗೆ ತಾನಾಗಿ ಒಂದು ಬಾವಿ ತೋಡಿಟ್ಟಂತಾಗುತ್ತದೆ. ಎರೆ ಬಹಳ ಆಳವಾಗಿದ್ದರೆ, ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು 1950ರ ದಶಕದಿಂದ ರೂಢಿಗೆ ತಂದ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟಿನ ಬೇರುಗಂಬಗಳೇ ದಾರಿ. ಸುಮಾರು ಮೂರೂವರೆ ಮೀಟರಿನ ಕೆಳಗೆ ಮಣ್ಣಿನ ತೇವ ಋತುವಿನೊಡನೆ ಹೆಚ್ಚು ಬದಲಾಗುವುದಿಲ್ಲ. ಗಡ್ಡೆ ಅಲ್ಲಿ ಕಚ್ಚಿ ಹಿಡಿದು ಮನೆಯನ್ನು ಮೇಲೇಳಗೊಡುವುದಿಲ್ಲ. ಖರ್ಚು ಹೆಚ್ಚು, ಒಪ್ಪಿದೆವು. ಮೂರು ಸಲ ಮುರಿಸಿದ ಠೇವಣಿಗಿಂತ ಹೆಚ್ಚೇ ಎಂಬುದನ್ನು ಕೂಡಿಸಿ ನೋಡಬೇಕು.

ಮನೆ ಆಗಲೇ ಕಟ್ಟಿಯಾಗಿದ್ದವರಿಗೆ ನೀರಿನ ಮೇಲೆ ಕಣ್ಣಿಡುವುದೇ ಮುಖ್ಯ. ಬಚ್ಚಲ ನೀರು ಗೋಡೆಯ ಬುಡಕ್ಕೆ ಬಿಡಬೇಡಿ. ಸುತ್ತಲೂ ಹೊರಕ್ಕೆ ಇಳಿಜಾರಿರುವ ಎರಡು ಮೀಟರಿನ ಫರಸಿ ಹಾಸಿ. ಬೇವು, ನೀಲಗಿರಿಯಂಥ ಮರಗಳನ್ನು ಗೋಡೆಗೆ ಅಂಟಿಸಿ ಬೆಳೆಸಬೇಡಿ; ಬೇಸಿಗೆಯಲ್ಲಿ ಅವು ತಳದ ತೇವವನ್ನೆಲ್ಲ ಹೀರುತ್ತವೆ. ಬಿರುಕಿನ ಎರಡೂ ಕಡೆ ಪೆನ್ಸಿಲಿನಿಂದ ಗೆರೆ ಎಳೆದು, ಅಂತರ ಅಳೆದು, ತಾರೀಖು ಬರೆಯಿರಿ. ಮಳೆಗಾಲದಲ್ಲಿ ಕೂಡಿ ಬೇಸಿಗೆಯಲ್ಲಿ ಬಿಚ್ಚಿದರೆ ಅದು ಎರೆಯ ಬಿರುಕು. ಸುಮ್ಮನೆ ಒಂದೇ ಕಡೆ ಬೆಳೆಯುತ್ತ ಹೋದರೆ ಬುನಾದಿ ಕುಸಿಯುತ್ತಿರಬಹುದು. ಎಂಜಿನಿಯರರನ್ನು ಕೂಡಲೇ ಕರೆಸಬೇಕು.

ಇತ್ತೀಚೆಗೆ ಬಾಟಲಿಯಲ್ಲಿ ರಾಸಾಯನಿಕ ತಂದು, ನೀರಿಗೆ ಬೆರೆಸಿ ಸುರಿದರೆ ಸಾಕು, ಎರೆ ಕಲ್ಲಾಗುತ್ತದೆಂದು ಹೇಳಿ ಮುಂಗಡ ಕೇಳುವವರೂ ಊರಿನ ಕಡೆ ತಿರುಗುತ್ತಿದ್ದಾರೆ. ಕ್ಯಾಲ್ಸಿಯಮ್ ಕ್ಲೋರೈಡ್, ಪೊಟ್ಯಾಸಿಯಮ್ ಕ್ಲೋರೈಡುಗಳಂಥ ಲವಣಗಳು ಉಬ್ಬರ ತಗ್ಗಿಸುವುದು ನಿಜ. ಅವುಗಳ ಮೇಲೆ ಪ್ರಯೋಗಗಳೂ ನಡೆದಿವೆ. ಆದರೆ ಎರೆಯೊಳಕ್ಕೆ ದ್ರವ ಇಳಿಯುವುದು ಬಹಳ ನಿಧಾನ, ಕರಗುವ ಲವಣ ಮಳೆಯಲ್ಲಿ ಕೊಚ್ಚಿಕೊಂಡು ಹೋಗುವ ಭಯವೂ ಉಂಟು, ಕ್ಲೋರೈಡು ಸರಳಿಗೆ ತುಕ್ಕು ಹಿಡಿಸುವುದೂ ಉಂಟು. ಬಾಟಲಿಯವರಿಗೆ ಒಂದೇ ಮಾತು ಹೇಳಿರಿ: ನಮ್ಮ ಮಣ್ಣನ್ನು ಅರ್ಧ ಬೆರೆಸಿ, ಅರ್ಧ ಬೆರೆಸದೆ, ಎರಡನ್ನೂ ಪ್ರಯೋಗಶಾಲೆಗೆ ಕಳಿಸಿ, ಕಾಗದ ಬಂದ ಮೇಲೆ ಹಣ. ಬ್ಯಾಂಕಿನಲ್ಲಿ ನಾವು ಸಹಿಯಿಲ್ಲದ ಚೆಕ್ಕಿಗೆ ಹಣ ಕೊಡುವುದಿಲ್ಲ, ನೀವೇಕೆ ಕೊಡಬೇಕು?

ಕೊನೆಯದಾಗಿ ಒಂದು ಸೂಚನೆ. ಸಂಘದ ಕಚೇರಿಯಲ್ಲಿ ಎರಡು ಅಳತೆಗಾಜು, ಒಂದು ಜರಡಿ, ಒಂದು ಸಣ್ಣ ತಕ್ಕಡಿ ತಂದಿಟ್ಟಿದ್ದೇವೆ. ಸೀಮೆಎಣ್ಣೆಯನ್ನು ಒಬ್ಬ ಸದಸ್ಯರು ಎರಡು ಲೀಟರ್ ಹೊಂದಿಸಿಕೊಟ್ಟಿದ್ದಾರೆ. ದೀಪಾವಳಿಗೋ ಸಂಕ್ರಾಂತಿಗೋ ಊರಿಗೆ ಹೋಗುವವರು, ಮನೆ ಕಟ್ಟುವ ಜಾಗದಲ್ಲಿ ಮೇಲಿನ ಕಸಮಣ್ಣು ಬಿಟ್ಟು, ಒಂದು ಮೀಟರ್ ಆಳದಿಂದ ಒಂದು ಸೇರಿನಷ್ಟು, ಎರಡು ಮೀಟರ್ ಆಳದಿಂದ ಮತ್ತೊಂದು ಸೇರಿನಷ್ಟು ಮಣ್ಣನ್ನು ಬೇರೆಬೇರೆ ಚೀಲಗಳಲ್ಲಿ ತರಬೇಕು. ಚೀಲದ ಮೇಲೆ ಊರು, ಸರ್ವೆ ನಂಬರು, ಆಳ ಇವನ್ನು ಬರೆದಿರಬೇಕು. ನಾವು ಹೇಳುವ ಅಂಕಿ ಪ್ರಾಥಮಿಕ ಎಚ್ಚರಿಕೆಗೆ ಮಾತ್ರ. 50 ದಾಟಿದವರು ಹುಬ್ಬಳ್ಳಿಯ, ಕಲಬುರಗಿಯ ಅಥವಾ ತಮ್ಮ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಗೆ ಉಳಿದ ಮಣ್ಣನ್ನು ಒಯ್ಯತಕ್ಕದ್ದು. ಮಣ್ಣಿನ ಚೀಲವನ್ನು ಗಾಡಿಯಲ್ಲಿ ತರುವಾಗ ಚಕ್ಕಲಿಯ ಡಬ್ಬಿಯ ಜೊತೆಗಿಡಬೇಡಿರೆಂದು ನಮ್ಮ ಮಹಿಳಾ ವಿಭಾಗದವರ ಸೂಚನೆ.